ಚುಕ್ಕೆ ಓದುವುದು

ತಾರ್ತುವಿನ ಆಗಸ್ಟ್, ಸಂಜೆಗೆ ಆಗಲೇ ತಣ್ಣನೆ ಅಂಚು.
ಹೆಲ್ವೆ ಮೊಣಕಾಲೂರಿ ಪಿಯೋನಿಯ ಎಲೆಯೊಂದನ್ನು
ಎಕ್ಸ್‌ರೇ ಹಾಳೆಯ ಹಾಗೆ ಬಿಸಿಲಿಗೆ ಹಿಡಿಯುತ್ತಾಳೆ.

ನರ ದಾಟದೆ ಚೌಕ ಚೌಕವಾಗಿ ಕಂದಿದ್ದರೆ
ಒಳಗೆ ನೂಲಿನಂಥ ಹುಳು.
ಉಂಗುರದೊಳಗೆ ಉಂಗುರವಿದ್ದರೆ ಬೂಷ್ಟು.
ನರ ಹಸಿರು, ನಡುವೆಲ್ಲ ಹಳದಿಯೋ,
ಮಣ್ಣಿಗೆ ಸುಣ್ಣ ಹೆಚ್ಚಾಯಿತು, ಎಲೆಯದೇನೂ ತಪ್ಪಿಲ್ಲ.

ಇದು ಇದ್ಯಾವುದೂ ಅಲ್ಲ.
ಕಂದುಗೆಂಪು ಹನಿ ಹನಿ. ಬೇಲಿಯ ಮಗ್ಗುಲಿಗೇ ಹೆಚ್ಚು.

ಬೆಳಗಿನಿಂದ ಮೂರು ಬುಡ ಕತ್ತರಿಸಿದ್ದಾಳೆ,
ಒಂದೊಂದು ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್ಟಿಗೆ ಅದ್ದಿ.
ಗೊಬ್ಬರದ ಗುಂಡಿಗೂ ಹಾಕದೆ
ಎಲೆಗಳನ್ನು ಚೀಲದಲ್ಲಿ ತುಂಬಿ ಬಾಯಿ ಬಿಗಿದಿದ್ದಾಳೆ.
ಅಮ್ಮ ನೆಟ್ಟ ಗಿಡ, ಬೆಳ್ಳಗೆ ಬಿಡುವಂಥದು.

ನಾಲ್ಕನೆಯದಕ್ಕೆ ಕೈಯಿಟ್ಟಾಗ
ಉಗುರು ಸುಮ್ಮನೆ ಕೆರೆಯಿತು.
ಚುಕ್ಕೆ ಹಕ್ಕಳೆಯಂತೆ ಎದ್ದು ಬಂತು.
ಅಡಿಯಲ್ಲಿ ಹಸಿರೋ ಹಸಿರು.

ಬೇಲಿಯಾಚೆ ಕಾಲ್ಯೊ ದೋಣಿ ಮಗುಚಿಟ್ಟು
ಎರಡನೆಯ ಸಲ ಬಣ್ಣ ಬಳಿಯುತ್ತಿದ್ದಾನೆ.
ಮೊನ್ನೆ ಮೊದಲ ಸಲ ಬಳಿದಾಗ ಗಾಳಿಯಿತ್ತು.

‘ಏನಂತೆ ರೋಗ?’ ಎನ್ನುತ್ತಾನೆ.
ಹೆಲ್ವೆ ಉಗುರು ಚಾಚಿ ತೋರಿಸುತ್ತಾಳೆ.
ಅವನು ಉಗುರು ನೋಡುತ್ತಾನೆ, ಕುಂಚ ನೋಡುತ್ತಾನೆ,
ಅವಳು ದೋಣಿಯ ಬಣ್ಣ ಚೆನ್ನಾಗಿದೆ ಎನ್ನುತ್ತಾಳೆ.

ಆ ಮೂರು ಬೋಳು ಬುಡಗಳ ಕಡೆಗೆ
ಇಬ್ಬರೂ ತಿರುಗುವುದಿಲ್ಲ.