ಹುಲಿಕಲ್ಲಿನ ಹುಳಿ

ಹುಲಿಕಲ್ ಘಾಟಿಯಲ್ಲಿ ಹುಲಿ ಇದೆಯೋ ಇಲ್ಲವೋ,
ಹತ್ತೊಂಬತ್ತು ವರ್ಷ ಸ್ಟೇರಿಂಗು ಹಿಡಿದರೂ ಕಂಡಿಲ್ಲ.
ಹುಳಿಯನ್ನು ಕಂಡಿದ್ದೇನೆ.
ರಾತ್ರಿ ಒಂದೂವರೆಗೆ ಹೊಟ್ಟೆಯ ಬುಡದಿಂದ ಹೊರಟು
ಮರಳು ತುಂಬಿದ ಲಾರಿಯ ಹಾಗೆ
ಫಸ್ಟ್ ಗೇರಿನಲ್ಲಿ ಗೊರಗೊರ ಎನ್ನುತ್ತ
ಎದೆಗೂಡಿನ ಒಂದೊಂದು ತಿರುವನ್ನೂ ಸುಡುತ್ತ
ಗಂಟಲಿಗೆ ಬಂದು ಹಾರನ್ನು ಹೊಡೆಯುತ್ತದೆ.

ಮೊದಲ ಸಲ ಹಾರ್ಟೇ ಅಂದುಕೊಂಡೆ.
ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸು ಅಂದ ಕಂಡಕ್ಟರ್ ಟೀಕಪ್ಪ,
ಇಪ್ಪತ್ತೆಂಟು ಜನ ಪ್ಯಾಸೆಂಜರು, ಎರಡು ಕೋಳಿ ಸಮೇತ.
ಓಡಿಸಿದವನೂ ನಾನೇ, ರೋಗಿಯೂ ನಾನೇ.
ಎದೆಗೆ ತಣ್ಣನೆಯ ಬಿಲ್ಲೆ ಅಂಟಿಸಿ, ಕಾಗದದ ಗೀಚು ನೋಡಿ
ಹೊಸನಗರದ ಡಾಕ್ಟರಮ್ಮ ಅಂದರು:
ಎಂಜಿನ್ನು ಸರಿಯಿದೆ.
ಹೊಟ್ಟೆಯ ಬಾಯಲ್ಲಿ ಗೇಟು ಕಾಯುವವನು ತೂಕಡಿಸುತ್ತಿದ್ದಾನೆ.
ಮೈ ಬೆವರಿ ಎಡತೋಳು ಜಗ್ಗಿದರೆ ಮಾತ್ರ
ಜೀರಿಗೆ ನೀರು ಕುಡಿಯುತ್ತ ಕೂರಬೇಡಿ, ಓಡಿ ಬನ್ನಿ.
ಮತ್ತೆ ಕೇಳಿದರು: ರಾತ್ರಿ ಊಟ ಎಷ್ಟು ಹೊತ್ತಿಗೆ?

ಟ್ರಿಪ್ಪು ಮುಗಿದಾಗ, ಅಂದೆ.
ಮಲಗುವುದು?
ಊಟ ಮುಗಿದಾಗ.

ಅವತ್ತಿಂದ ಹಳೇ ಟ್ರಿಪ್ ಶೀಟಿನ ಬೆನ್ನಲ್ಲಿ ಬರೆದಿಟ್ಟ ಲೆಕ್ಕ:
ಸೋಮವಾರ, ಮಾಸ್ತಿಕಟ್ಟೆ, ಮೆಣಸಿನಕಾಯಿ ಬಜ್ಜಿ ಮೂರು, ಚಾ ಎರಡು. ಬೆಂಕಿ.
ಮಂಗಳವಾರ ಬಜ್ಜಿ ಇಲ್ಲ. ಚಾ ನಾಲ್ಕು. ಬೆಂಕಿ.
ಬುಧವಾರ ಗಂಜಿ, ಬೇಯಿಸಿದ ಹೆಸರುಕಾಳು. ನಿದ್ದೆ.
ಗುರುವಾರ ಭಾಮೈದನ ಮನೆ.
ಬರೆಯುವುದು ಬೇಡ.

ನಾಗವೇಣಿ ಏನೂ ಅನ್ನಲಿಲ್ಲ.
ಮಂಚದ ತಲೆಕಡೆಯ ಕಾಲುಗಳಿಗೆ
ಒಂದೊಂದು ಜಂಬಿಟ್ಟಿಗೆ ಕೊಟ್ಟಳು.
ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವವನಿಗೆ
ಆ ಕಲ್ಲಿನ ಅರ್ಥ ಬಿಡಿಸಿ ಹೇಳಬೇಕೆ?
ಮೊದಲ ವಾರ ಜಾರಿ ಜಾರಿ
ಬೆಳಗ್ಗೆ ನನ್ನ ಕಾಲು ಟ್ರಂಕಿನ ಮೇಲಿರುತ್ತಿದ್ದವು.
ಎಡಮಗ್ಗುಲಾಗಿ ಮಲಗಿ, ಹುಳಿ ಮೇಲೆ ಬರೋದಿಲ್ಲ, ಅಂದಳು.
ಎಡಕ್ಕೆ ಹೊರಳಿದೆ. ಎಡಕ್ಕೆ ಅವಳಿದ್ದಳು.
ಇಷ್ಟು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದೆನೆಂದು
ಆಗ ಗೊತ್ತಾಯಿತು.

ಮದ್ದು ಹೇಳದವರಿಲ್ಲ.
ಡಿಪೋದ ಇಲಿಯಾಸ್ ಸೋಂಪು ಅಗಿ ಅಂದ.
ಯಡೂರಿನಲ್ಲಿ ಹತ್ತುವ ದುಗ್ಗಮ್ಮ ಸೆರಗಿನ ಗಂಟು ಬಿಚ್ಚಿ
ಒಣ ಮುರುಗಲು ಸಿಪ್ಪೆ ಕೊಟ್ಟಳು, ನೆನೆಸಿ ಕುಡಿ ಅಂತ.
ಅವಳ ಪಿತ್ತಕ್ಕೆ ಅದು ತಂಪಂತೆ,
ನನ್ನೊಳಗೆ ಹುಳಿಗೆ ಹುಳಿ ಕೈ ಕುಲುಕಿತು.
ಬೂದುಗುಂಬಳ ಒಗ್ಗಿತು.
ಒಂದೆಲಗದ ತಂಬುಳಿ ಒಗ್ಗಿತು, ಮೆಣಸಿಲ್ಲದೆ,
ಮಜ್ಜಿಗೆ ಇನ್ನೂ ಸಿಹಿಯಿರುವಾಗ.
ಬಾಳೆದಿಂಡು ಹೊಟ್ಟೆಗೆ ಒಗ್ಗಿತು, ನಾಲಿಗೆಗೆ ಇನ್ನೂ ಇಲ್ಲ.
ಖಾಕಿ ಪ್ಯಾಂಟಿನ ಬೆಲ್ಟಿಗೆ ಮೊಳೆಯಿಂದ ಇನ್ನೊಂದು ತೂತು ಹೊಡೆದೆ.
ಮದ್ದುಗಳಲ್ಲೆಲ್ಲ ಅಗ್ಗದ್ದು ಅದು.

ಘಾಟಿಗೆ ಹೊಸಬ ಬಂದರೆ ನಾನೇ ಹೇಳಿಕೊಡುವ ಪಾಠ:
ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ,
ನ್ಯೂಟ್ರಲ್ಲಿಗೆ ಹಾಕಿ ಬಿಟ್ಟರೆ ಬ್ರೇಕು ಹಿಡಿಯೋದಿಲ್ಲ ಮಗಾ.
ಅನ್ನವನ್ನು ಮಾತ್ರ ನಾನು
ಹತ್ತು ನಿಮಿಷದ ಹಾಲ್ಟಿನಲ್ಲಿ, ನಿಂತುಕೊಂಡೇ,
ನ್ಯೂಟ್ರಲ್ಲಿನಲ್ಲಿ ಬಿಟ್ಟುಬಿಡುತ್ತಿದ್ದೆ.
ಈಗ ಸಂಜೆ ಏಳಕ್ಕೆ ಡಬ್ಬಿ ಬಿಚ್ಚುತ್ತೇನೆ.
ಟೀಕಪ್ಪ ಟಿಕೆಟ್ಟಿನ ಲೆಕ್ಕ ಹಾಕುವಷ್ಟು ನಿಧಾನಕ್ಕೆ ಅಗಿಯುತ್ತೇನೆ.
ಸಿದ್ದಾಪುರದಲ್ಲಿ ಹತ್ತಿದವರು ಗೊಣಗುತ್ತಾರೆ. ಗೊಣಗಲಿ.

ಮೊನ್ನೆ ತಪ್ಪಿತು.
ಮಳೆ ಇಲ್ಲ, ಚಳಿ ಇಲ್ಲ, ನೆಪವೇ ಇಲ್ಲ,
ಬಾಣಲೆಯ ಚುಂಯ್ ಒಂದೇ ಸಾಕಾಯಿತು.
ಒಂದೇ ಬಜ್ಜಿ. ಆಮೇಲೆ ಇನ್ನೊಂದೇ.
ರಾತ್ರಿ ಎದ್ದು ಕೂತೆ, ದೀಪ ಹಾಕದೆ.
ಕತ್ತಲಲ್ಲೇ ನಾಗವೇಣಿ,
ಹಾಲ್ಟಿಂಗ್ ಬಸ್ಸು ಕಾಯುವವರ ದನಿಯಲ್ಲಿ ಕೇಳಿದಳು:

ಎಲ್ಲಿಗೆ ಬಂತು?

ಚಂಡಿಕಾಂಬೆ ಗುಡಿ ದಾಟಿತು, ಅಂದೆ.

ಅವಳು ನಕ್ಕಳೋ, ಆಕಳಿಸಿದಳೋ.
ಚೊಂಬಿನ ಮುಚ್ಚಳ ತೆಗೆದ ಸದ್ದು,
ಬೆಚ್ಚಗಿನ ಜೀರಿಗೆಯ ಘಮ.