ಎಡಸಾಲಿನ ಹದಿನೆಂಟು

ಒಂದೇ ದಿನ ಕೊಂಡವು ಎರಡೂ, ನನ್ನ ಅಂಗಡಿಯಲ್ಲೇ.
ಒಂದೇ ಕಿತ್ತಳೆ ಬಣ್ಣ, ಒಂದೇ ತೂಕ, ಒಂದೇ ಉದ್ದದ ಅಲಗು.
ಮುಚ್ಚಿದ ಡಬ್ಬಿಗಳ ಮುಂದೆ ನಾಣ್ಯ ಚಿಮ್ಮಿ
ಉರ್ಮಾಸ್ ಒಂದನ್ನು, ಅವನ ಭಾವಮೈದುನ ಹೈನೊ ಇನ್ನೊಂದನ್ನು
ಹೊತ್ತು ಹೋದರು
ಎಸ್ಟೋನಿಯಾದ ತೆಂಕಣ ತುದಿಯ ಸ್ಪ್ರೂಸ್ ಕಾಡಿಗೆ.

ಈಗ ಫೆಬ್ರವರಿ. ಸೊನ್ನೆಗಿಂತ ಹದಿನೆಂಟು ಕೆಳಗೆ.
ಬೂಟಿನ ಹಿಮ ಕೊಡವದೆ ಬಾಗಿಲಲ್ಲೇ ನಿಂತು
"ನಾಣ್ಯ ನನಗೆ ಮೋಸ ಮಾಡಿತು," ಅಂದ ಉರ್ಮಾಸ್.
"ಇಲ್ಲವೇ ನೀನು."

ಮಾತಿಗೆ ಮಾತು ಬೇಡ.
ಹಿತ್ತಲಲ್ಲಿ ಕವೆಗಳ ಮೇಲೆ ದಿಮ್ಮಿ ಏರಿಸಿದೆ:
ಮೂವತ್ತು ಸೆಂಟಿಮೀಟರ್, ಗಂಟಿಲ್ಲದ್ದು,
ತಿರುಳಿನ ತನಕ ಹೆಪ್ಪುಗಟ್ಟಿದ್ದು.
ಸೆಕೆಂಡಿನ ಗಡಿಯಾರ ಹೈನೊನ ಕೈಯಲ್ಲಿ.
ಹೈನೊನ ಗರಗಸ ಹನ್ನೆರಡು.
ಉರ್ಮಾಸನದು ಹತ್ತೊಂಬತ್ತು.
ಏಳು ಸೆಕೆಂಡು. ಕೇಳಲು ಏನೂ ಅಲ್ಲ.
ಕೂಲಿ ಘನಮೀಟರಿನ ಲೆಕ್ಕವಾದಾಗ
ದಿನಕ್ಕೆ ಮುನ್ನೂರು ಕೊಯ್ತವಾದಾಗ
ಏಳು ಸೆಕೆಂಡು ಎಂದರೆ ಎಷ್ಟು ರೊಟ್ಟಿ ಎಂದು
ಅವನ ಹೆಂಡತಿಗೆ ಗೊತ್ತು.

ಬಿಚ್ಚಿದೆ.
ಸ್ಪಾರ್ಕ್ ಪ್ಲಗ್ ಹದವಾದ ಕಾಫಿ ಬಣ್ಣ.
ಏರ್ ಫಿಲ್ಟರು ಮಗುವಿನ ದಿಂಬಿನಷ್ಟು ಶುಭ್ರ.
ಸೈಲೆನ್ಸರಿನ ಜಾಲರಿಯಲ್ಲಿ ಮಸಿಯಿಲ್ಲ,
ಪಿಸ್ಟನ್ನಿನ ಮೈಮೇಲೆ ಗೀರಿಲ್ಲ.
ಹಗ್ಗ ಎಳೆದರೆ ಕೈಗೆ ಬರುವ ಬಿಗಿ
ಎರಡರಲ್ಲೂ ಒಂದೇ.
"ಕುಣಿಯಲಾರದವಳಿಗೆ ನೆಲ ಡೊಂಕು," ಎಂದು ನಾಲಗೆ ತುದಿಗೆ ಬಂತು.
ನುಂಗಿಕೊಂಡೆ.
ಯಾಕೆಂದರೆ ದಿಮ್ಮಿಯ ಮೇಲಿನ ಕೊಯ್ತ
ನಿಜವಾಗಿಯೂ ಡೊಂಕಾಗಿತ್ತು.

ಸರಪಳಿ ಅದಲುಬದಲು ಮಾಡಿದೆ.
ಉರ್ಮಾಸನ ಗರಗಸ ಈಗ ಹನ್ನೆರಡು.
ಹೈನೊನದು ಹತ್ತೊಂಬತ್ತು, ಅದೇ ಡೊಂಕು,
ಅದೇ ಹಿಟ್ಟಿನಂಥ ಪುಡಿ.
(ಹರಿತವಾದದ್ದು ಅವಲಕ್ಕಿಯಂತೆ ಉದುರಿಸಬೇಕು, ಹಿಟ್ಟು ಬೀಸಬಾರದು.)
ನಾಣ್ಯ ನಿರಪರಾಧಿ. ನಾನೂ.

ಕಿಟಕಿಯ ಬಳಿ ಸರಪಳಿ ಹಿಡಿದು ಒಂದೊಂದೇ ಹಲ್ಲು ನೋಡಿದೆ.
ಹರಿತದ ಅಂಚಿಗೆ ಬೆಳಕು ಅಂಟುವುದಿಲ್ಲ;
ಹೊಳೆಯುವುದು ಮೊಂಡು.
ಬಲಸಾಲು ಹದಿನೆಂಟು ಹಲ್ಲು: ಕತ್ತಲು, ಗಿಡ್ಡ, ಚೆಂದ ಅರ ಹಾಕಿದ್ದು.
ಎಡಸಾಲು ಹದಿನೆಂಟು: ಉದ್ದುದ್ದ,
ತುದಿಯಲ್ಲಿ ಬಿಳಿ ಗೆರೆ,
ಹಬ್ಬಕ್ಕೆ ದೀಪ ಹಚ್ಚಿದ ಹಾಗೆ.

ಎಡಸಾಲಿಗೆ ಅರ ಹಿಡಿಯುವವನು ಮೈ ಹೊರಳಿಸಬೇಕು.
ಎಡ ಮೊಣಕೈ ಭುಜದ ಎತ್ತರಕ್ಕೆ ಏರಬೇಕು.

ತಲೆಯೆತ್ತಿದೆ.
ಉರ್ಮಾಸ್ ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ.
ಎಡಗೈ ಕೋಟಿನ ಜೇಬಿನಲ್ಲಿ,
ಬಂದಾಗಿನಿಂದಲೂ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ.
ಭುಜದ ನೋವಿಗೆ ಒಂದು ಸರಪಳಿ ಬೇಕಾಯಿತು.
ಯಾವ ಕೊಂಬೆ, ಯಾವ ತಿಂಗಳು, ಯಾವ ಸುಳ್ಳು ಹೇಳಿ
ಆಸ್ಪತ್ರೆ ತಪ್ಪಿಸಿಕೊಂಡ, ನಾನು ಕೇಳಲಿಲ್ಲ.
ಅವನೂ ನೋಡಿದ, ನಾನು ನೋಡಿದ್ದನ್ನು.
ಕಿವಿ ಕೆಂಪಗಾಯಿತು; ಚಳಿಗೂ ಇರಬಹುದು.

"ಕಾರ್ಬುರೇಟರಿನಲ್ಲಿ ಚೂರು ಕಸ," ಅಂದೆ,
ಮೂವತ್ತು ವರ್ಷದ ಕಸುಬಿನಲ್ಲಿ
ಯಂತ್ರದ ಮೇಲೆ ಹೊರಿಸಿದ ಮೊದಲ ಸುಳ್ಳು.
ಅರ ತೆಗೆದುಕೊಂಡೆ. ಎಡಸಾಲಿಗೆ ಮಾತ್ರ
ಹಲ್ಲಿಗೆ ಏಳು ಎಳೆತ, ಎಂಟು,
ಬಲಸಾಲಿನ ಗಿಡ್ಡಕ್ಕೆ ಸಮ ಬರುವ ತನಕ.
ಹೈನೊ ಹೊರಗೆ ಹೋಗಿ ಬೀಡಿಯಷ್ಟು ಸಣ್ಣ ಸಿಗರೇಟು ಸೇದಿದ.
ಇಷ್ಟು ಹೊತ್ತು ಕಸ ತೆಗೆಯುವುದೇನು ಎಂದು
ಒಮ್ಮೆಯೂ ಕೇಳಲಿಲ್ಲ.

ಮತ್ತೆ ದಿಮ್ಮಿ. ಮತ್ತೆ ಗಡಿಯಾರ.
ಕೊಯ್ತ ನೇರ ಇಳಿಯಿತು, ಅವಲಕ್ಕಿ ಹಿಮದ ಮೇಲೆ ಉದುರಿತು.
ಕೊನೆಯಲ್ಲಿ ಮಾತ್ರ ಎಡಗೈ ನಡುಗಿ ಅಲಗು ತಡೆಯಿತು.
ನಾನು ಮನಸ್ಸಿನಲ್ಲೇ ಎಣಿಸಿದ್ದೆ: ಹದಿನಾಲ್ಕು.

ಹೈನೊ ಗಡಿಯಾರ ನೋಡಿದ. ಬೆರಳು ಇನ್ನೂ ಗುಂಡಿಯ ಮೇಲೆ.
"ಹನ್ನೆರಡು," ಅಂದ,
ಯಾರಿಗೂ ತೋರಿಸದೆ ಜೇಬಿಗೆ ಹಾಕಿದ,
ಎರಡೂ ಗರಗಸಗಳನ್ನು ತಾನೇ ಎತ್ತಿ
ವ್ಯಾನಿನ ಕಡೆ ನಡೆದ.