ಬಾಕಿ ಇಲ್ಲ

ಭಟ್ಟಿಯ ಉಸುಕು ಇನ್ನೂ ಆರಿರುವುದಿಲ್ಲ.
ಮಂಡಕ್ಕಿ ಚೀಲಕ್ಕೆ ಒರಗಿ, ರಾತ್ರಿ ಹನ್ನೊಂದರ ಮೇಲೆ,
ದಸ್ತಗೀರನಿಗೆ ನಿಯಮ ಓದಿ ಹೇಳುತ್ತೇನೆ.
ಅವನು ನಮ್ಮ ಗೋಲ್‌ಕೀಪರ್. ಹೊಟ್ಟಿನ ಹೊಗೆಗೆ ಕಣ್ಣು ಮಂಜಾಗಿ
ಹತ್ತಿರದ ಅಕ್ಷರ ಕಾಣುವುದಿಲ್ಲ;
ದೂರದಿಂದ ಬರುವ ಚೆಂಡು ಕಾಣುತ್ತದೆ.

ಏಷ್ಯಾ ಅಂದ್ರೆ ಎಷ್ಟು ದೂರಲೇ, ಅಂದ.
ಹರಿಹರದ ಹೊಳೆ ದಾಟಿ ಇನ್ನೂ ಹೋಗಬೇಕು, ಅಂದೆ.
ಸ್ವಲ್ಪ ಹೊತ್ತು ಬಿಟ್ಟು ಅವನೇ ಅಂದ:
ಅಲ್ಲಾ, ನಾವೀಗ ಕೂತಿರೋದು ಏಷ್ಯಾದಾಗೇ ಅಲ್ಲೇನು?

ಲೀಗ್ ಗೆದ್ದವರಿಗೆ ಒಂದು ಬಾಗಿಲು.
ಕಪ್ ಗೆದ್ದವರಿಗೆ ಇನ್ನೊಂದು, ತುಸು ತಗ್ಗಿ ಹೋಗಬೇಕಾದದ್ದು.
ಯಾವ ದೇಶಕ್ಕೆ ಎಷ್ಟು ಬಾಗಿಲು ಎಂಬುದಕ್ಕೂ ಲೆಕ್ಕವಿದೆ,
ರೇಷನ್ ಕಾರ್ಡಿನ ಹಾಗೆ:
ಹಿಂದಿನ ವರ್ಷಗಳಲ್ಲಿ ಹೋದವರು ಸೋತು ಬಂದಿದ್ದರೆ
ಮುಂದೆ ಹೋಗುವವರ ಅಕ್ಕಿ ಕಡಿಮೆ.
ಮತ್ತೆ, ಗೆದ್ದವರ ಹತ್ತಿರ ಲೈಸೆನ್ಸ್ ಇಲ್ಲವೋ,
ಗೆಲುವು ಅವರದೇ, ಕಪ್ಪು ಅವರ ಕಪಾಟಿನಲ್ಲೇ;
ವಿಮಾನ ಹತ್ತುವವರು ಮಾತ್ರ ಎರಡನೆಯವರು.
ಅವರಿಗೂ ಇಲ್ಲವೋ, ಮೂರನೆಯವರು.
ದಸ್ತಗೀರ ಬೆರಳು ಮಡಿಚುತ್ತಾ ಬಂದ.
ಹತ್ತೂ ಮುಗಿದವು.
ಹಿಂಗೇ ಇಳಕೊಂತ ಇಳಕೊಂತ
ದಾವಣಗೇರಿ ತನಕ ಬರಂಗಿಲ್ಲೇನು?

ಬರಲಿ, ತಯಾರಿರೋಣ ಎಂದು
ಒಂದು ಪಾಣಿ ಹಾಳೆಯಲ್ಲಿ ಗೆರೆ ಹಾಕಿದೆ.
ಮೈದಾನ: ಮುಚ್ಚಿದ ಗಿರಣಿಯ ಹಿಂದೆ. ಮಾಲೀಕತ್ವ: ಕೋರ್ಟಿನಲ್ಲಿದೆ.
ಗೋಲುಕಂಬ: ಒಂದು ಗಿರಣಿಯ ಉಗಿಕೊಳವೆ, ಇನ್ನೊಂದು ನೀಲಗಿರಿ.
ಬೆಳಕು ಎಷ್ಟು ಲಕ್ಸ್ ಇರಬೇಕು ಎಂದು ಓದಿದಾಗ
ಸೋಪು ಯಾಕಪ್ಪಾ, ಅಂದ ದಸ್ತಗೀರ.
ಕೋಚ್: ಕೊಟ್ರೇಶಿ ಮಾಸ್ತರು. ಸರ್ಟಿಫಿಕೇಟು ಇದೆ, ಕಬಡ್ಡಿಯದು.
ಕಿರಿಯರ ತಂಡ: ಇದೆ, ಇದೆ!
ಹದಿಮೂರು ಹುಡುಗರು, ಒಂಬತ್ತು ಜೊತೆ ಬೂಟು;
ಪೀರಾಂಬಿಯ ಅವಳಿ ಮಕ್ಕಳಲ್ಲಿ ಒಬ್ಬ ಬಲಗಾಲಿನವನು, ಒಬ್ಬ ಎಡಗಾಲಿನವನು,
ಇಬ್ಬರಿಗೆ ಸೇರಿ ಒಂದೇ ಜೊತೆ.

ಕೊನೆಗೆ ಹಣಕಾಸು.
ಆಟಗಾರರಿಗೆ, ನೌಕರರಿಗೆ, ಬೇರೆ ಕ್ಲಬ್ಬಿಗೆ
ಗಡುವು ಮೀರಿದ ಯಾವ ಬಾಕಿಯೂ ಇರತಕ್ಕದ್ದಲ್ಲ.

ದಸ್ತಗೀರ ಬೀಡಿ ಹಚ್ಚಲಿಲ್ಲ.
ನಾನೂ ಹಾಳೆ ತಿರುವಲಿಲ್ಲ.
ಹರಿಹರದಿಂದ ಫೈನಲ್ಲಿಗೆಂದು ಕರೆಸಿದ್ದೆವು ಮೌಲಾಲಿಯನ್ನು,
ಮುನ್ನೂರು ಕೊಡುತ್ತೇವೆ ಎಂದು.
ಸೋತೆವು. ಸೋತ ದಿನ ದುಡ್ಡಿನ ಮಾತು ಯಾರು ಎತ್ತುತ್ತಾರೆ?
ನಾಲ್ಕು ವರ್ಷ.
ಈಗವನು ಪಿ.ಬಿ. ರೋಡಿನಲ್ಲಿ ಲಾರಿಗಳಿಗೆ ಪಂಚರ್ ಹಾಕುತ್ತಾನೆ,
ಎದುರಾದಾಗಲೆಲ್ಲ ನಾವೇ ಸೈಕಲ್ಲು ಆ ಕಡೆ ತಿರುಗಿಸುತ್ತೇವೆ.

ಅವತ್ತೇ ಹೋದೆವು. ಟ್ಯೂಬು ನೀರಿನಲ್ಲಿ ಅದ್ದಿ
ಗುಳ್ಳೆ ಹುಡುಕುತ್ತಿದ್ದ.
ಚಿಲ್ಲರೆ ನೋಟುಗಳಿಗೆ ಮಂಡಕ್ಕಿಯ ಬೂದಿ ಹತ್ತಿತ್ತು.
ಕೈ ಒರೆಸಿಕೊಂಡು ಎಣಿಸಿದ, ಎರಡು ಸಲ.
ಐವತ್ತು ತೆಗೆದು ವಾಪಸು ಚಾಚಿದ:
ಆ ಪೆನಾಲ್ಟಿ ಹೊರಗ ಹೊಡದಿದ್ದೆ. ಅದರದು ಹಿಡಕೊಳ್ರಿ.
ದಸ್ತಗೀರ ತಗೊಳ್ಳಲಿಲ್ಲ: ನಾನೂ ಮೂರು ಬಿಟ್ಟಿದ್ದೆನಲ್ಲೋ.
ಆ ನೋಟು ಬಹಳ ಹೊತ್ತು
ಜಾಕಿನ ಮೇಲೆ ಬಿದ್ದಿತ್ತು, ಯಾರದೂ ಅಲ್ಲದ್ದು.
ಆಮೇಲೆ ಅದರಲ್ಲೇ ಮೂವರೂ ಚಹಾ ಕುಡಿದೆವು, ಮಿರ್ಚಿ ತಿಂದೆವು.

ಟೈರಿನ ಬಿಲ್ಲಿನ ಹಿಂದೆ ಬರೆದುಕೊಟ್ಟ: ಬಾಕಿ ಇಲ್ಲ.
ಕೆಳಗೆ ಸಹಿ, ಗ್ರೀಸಿನ ಹೆಬ್ಬೆಟ್ಟೂ ತಾನಾಗಿ.

ಅರ್ಜಿ ಎಲ್ಲಿಗೂ ಕಳಿಸಲಿಲ್ಲ. ಕಳಿಸುವ ವಿಳಾಸವೂ ಗೊತ್ತಿಲ್ಲ.
ಚೀಟಿ ಭಟ್ಟಿಯ ಗೋಡೆಯ ಮೊಳೆಯಲ್ಲಿದೆ,
ಮೂಲೆಯಿಂದ ಕಂದುತ್ತ.

ಬೆಳಗ್ಗೆ ಐದೂವರೆಗೆ ಗಿರಣಿ ಹಿಂದೆ ಇಬ್ಬನಿ.
ಮಾಸ್ತರು ಸೀಟಿ ಹುಡುಕುತ್ತಿದ್ದಾರೆ.
ಉಗಿಕೊಳವೆಗೆ ಬೆನ್ನು ಕೊಟ್ಟು ನಿಂತ ದಸ್ತಗೀರ
ಅಲ್ಲಿಂದಲೇ ಕೂಗುತ್ತಾನೆ:
ಲೇ, ಈಗ ಎಷ್ಟನೇ ನಂಬರಿನಾಗ ಅದೀವೋ?